ಲೇಸರ್ ಬೇಡುವ ಉಕ್ಕು

ಸುರಪುರ ಸೀಮೆಯ ಹುಣಸಗಿ ಹತ್ತಿರ ಇಸಾಂಪುರ ಎಂಬ ಊರಿದೆ. ಸುಮಾರು 12 ಲಕ್ಷ ವರ್ಷಗಳ ಹಿಂದೆ ಅಲ್ಲಿನ ಸುಣ್ಣಕಲ್ಲಿನ ಹಾಸುಗಳ ಮೇಲೆ ಕೂತು ಆದಿಮಾನವರು ಕೈಗೊಡಲಿ ಮಾಡುತ್ತಿದ್ದರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ತಂಡ 1990ರ ದಶಕದ ಕೊನೆಗೆ ಅಲ್ಲಿ ಉತ್ಖನನ ನಡೆಸಿದಾಗ ಆಯುಧಗಳಿಗಿಂತ ಹೆಚ್ಚಾಗಿ ಸಿಕ್ಕಿದ್ದು ಚಕ್ಕೆಗಳು. ಬೇಡದ್ದನ್ನು ಒಡೆದು ತೆಗೆದು ಬೇಕಾದ್ದನ್ನು ಉಳಿಸಿಕೊಳ್ಳುವ ಕಸುಬು ಅದು. ಇಂದಿನ ಲೇತು, ಮಿಲ್ಲಿಂಗ್ ಯಂತ್ರಗಳು ಮಾಡುವುದೂ ಅದನ್ನೇ. ಚಕ್ಕೆಯ ಬದಲು ಲೋಹದ ತುರಿ ಬೀಳುತ್ತದೆ, ಅಷ್ಟೆ.

ಈ ಕಸುಬಿನಲ್ಲಿ ಎಷ್ಟು ಮಾಲು ಪೋಲಾಗುತ್ತದೆ ಎಂಬುದಕ್ಕೆ ಇಸ್ರೋ ಒಂದು ಲೆಕ್ಕ ಕೊಟ್ಟಿದೆ. ಪಿಎಸ್ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಎಂಜಿನ್ನನ್ನು ಹಳೆಯ ಪದ್ಧತಿಯಲ್ಲಿ ಮಾಡಲು 565 ಕೆ.ಜಿ. ಲೋಹ ಬೇಕು. ಅದನ್ನೇ ಲೇಸರ್ ಮುದ್ರಣದಲ್ಲಿ ಮಾಡಿದಾಗ 13.7 ಕೆ.ಜಿ. ಪುಡಿ ಸಾಕಾಯಿತು. 14 ಬಿಡಿಭಾಗಗಳು ಒಂದೇ ತುಂಡಾದವು, 19 ಬೆಸುಗೆಗಳು ಮಾಯವಾದವು. ವಿಪ್ರೋ 3ಡಿ ಮುದ್ರಿಸಿಕೊಟ್ಟ ಈ ಎಂಜಿನ್ 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ 665 ಸೆಕೆಂಡು ಉರಿಯಿತು. ಸುದ್ದಿಯಲ್ಲಿ ಎಲ್ಲರೂ ಮುದ್ರಣಯಂತ್ರವನ್ನು ಹೊಗಳಿದರು. ನನಗೆ ಕುತೂಹಲ ಆ ಪುಡಿಯದು.

ಯಂತ್ರದ ಕೆಲಸ ಹೇಳುವುದು ಸುಲಭ. ಒಂದು ಅಲಗು ಪುಡಿಯನ್ನು ತೆಳ್ಳಗೆ ಸವರುತ್ತದೆ, ಬೇಕಾದ ಆಕಾರದಷ್ಟನ್ನೇ ಲೇಸರ್ ಕರಗಿಸಿ ಬೆಸೆಯುತ್ತದೆ, ಪೀಠ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಮತ್ತೆ ಪುಡಿ. ಒಂದು ಪದರ 40 ಮೈಕ್ರಾನ್ ಎಂದಿಟ್ಟುಕೊಂಡರೆ ಒಂದು ಮಿಲಿಮೀಟರ್ ಎತ್ತರಕ್ಕೆ 25 ಸಲ ಇದೇ ಆಗಬೇಕು. ಒಂದೇ ಒಂದು ಸಲ ಪುಡಿ ಸಮನಾಗಿ ಹರಡದಿದ್ದರೆ ಅಲ್ಲೊಂದು ಗುಳಿ ಒಳಗೇ ಉಳಿದುಬಿಡುತ್ತದೆ.

ಶಹಾಪುರದ ಸಂತೆಯಲ್ಲಿ ಚೀಲದಿಂದ ಜೋಳ ಸುರಿಯುವುದನ್ನು ನೋಡಿದವರಿಗೆ ಉಳಿದದ್ದು ಅರ್ಥವಾದೀತು. ಕಾಳು ತಾನಾಗಿ ಹರಿಯುತ್ತದೆ, ಅದೇ ಜೋಳದ ಹಿಟ್ಟು ಗಂಟುಕಟ್ಟಿ ನಿಲ್ಲುತ್ತದೆ. ಲೇಸರ್ ಯಂತ್ರಕ್ಕೆ ಹಿಟ್ಟಿನಷ್ಟು ಸಣ್ಣದಾಗಿದ್ದೂ ಕಾಳಿನಂತೆ ಹರಿಯುವ ಉಕ್ಕು ಬೇಕು: ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್ ಗಾತ್ರದ, ದುಂಡನೆಯ, ಒಣ ಕಣಗಳು. ಉಕ್ಕನ್ನು ಅರೆದರೆ ಅಂಥದು ಸಿಗುವುದಿಲ್ಲ. ಇಂಡಕ್ಷನ್ ಕುಲುಮೆಯಲ್ಲಿ, ಒಳ್ಳೆಯ ಮಾಲಾದರೆ ನಿರ್ವಾತದಲ್ಲೇ, ಉಕ್ಕನ್ನು 1500 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕರಗಿಸುತ್ತಾರೆ. ತಳದ ಕಿರುತೂತಿನಿಂದ ಧಾರೆ ಇಳಿಯುತ್ತಿದ್ದಂತೆ ಸುತ್ತಲಿಂದ ಆರ್ಗಾನ್ ಅಥವಾ ನೈಟ್ರೋಜನ್ ಭಾರಿ ಒತ್ತಡದಲ್ಲಿ ಅಪ್ಪಳಿಸಿ ಅದನ್ನು ಹನಿಹನಿಯಾಗಿ ಸಿಡಿಸುತ್ತದೆ. ಎತ್ತರದ ಗೋಪುರದೊಳಗೆ ಬೀಳುವ ಹೊತ್ತಿಗೆ ಮೇಲ್ಮೈ ಎಳೆತ ಪ್ರತಿ ಹನಿಯನ್ನೂ ದುಂಡಗೆ ಮಾಡುತ್ತದೆ, ತಳ ಮುಟ್ಟುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ. ಅನಿಲದ ಬದಲು ನೀರು ಬಳಸಿದರೆ ಖರ್ಚು ಕಡಿಮೆ. ಆದರೆ ಥಟ್ಟನೆ ತಣಿಯುವ ಹನಿಗೆ ದುಂಡಾಗಲು ಪುರಸೊತ್ತೇ ಇರುವುದಿಲ್ಲ. ಕಣ ಸೊಟ್ಟಗಾಗುತ್ತದೆ, ಆಮ್ಲಜನಕವೂ ಅಂಟುತ್ತದೆ.

ಅನಿಲದ ಪುಡಿಗೂ ತನ್ನವೇ ರೋಗಗಳಿವೆ. ದೊಡ್ಡ ಕಣಕ್ಕೆ ಮರಿಕಣಗಳು ಕಚ್ಚಿಕೊಂಡು ಹರಿವು ಕೆಡುತ್ತದೆ. ಕೆಲವು ಕಣಗಳ ಹೊಟ್ಟೆಯೊಳಗೆ ಆರ್ಗಾನ್ ಸಿಕ್ಕಿಬಿದ್ದು, ಮುದ್ರಿಸಿದ ಭಾಗದಲ್ಲೂ ಸೂಕ್ಷ್ಮ ರಂಧ್ರವಾಗಿ ಉಳಿಯಬಹುದು. ಇಷ್ಟೆಲ್ಲ ಸೂಕ್ಷ್ಮದ ಮಾಲಿನ ಹರಿವು ಅಳೆಯುವ ಸಾಧನವೋ, 2.5 ಮಿಲಿಮೀಟರ್ ತೂತಿನ ಒಂದು ಆಲಿಕೆ! 50 ಗ್ರಾಂ ಪುಡಿ ಅದರಿಂದ ಇಳಿಯಲು ಎಷ್ಟು ಸೆಕೆಂಡು ಎಂದು ಎಣಿಸುತ್ತಾರೆ.

ಗೋಪುರ ಕಟ್ಟಿದವರೆಲ್ಲ ಈ ವ್ಯಾಪಾರ ಮಾಡಲಾರರು, ಏಕೆಂದರೆ ಉಕ್ಕಿನ ಜಾತಿಯೂ ಮುಖ್ಯ. ಲೇಸರ್ ಕರಗಿಸಿದ ಚುಕ್ಕೆ ಸೆಕೆಂಡಿಗೆ ಲಕ್ಷಾಂತರ ಡಿಗ್ರಿ ವೇಗದಲ್ಲಿ ತಣಿಯುತ್ತದೆ. ಇಂಗಾಲ ಹೆಚ್ಚಿರುವ ಉಕ್ಕು ಆ ಆಘಾತಕ್ಕೆ ಪೆಡಸಾಗಿ ಬಿರುಕು ಬಿಡುತ್ತದೆ. ಇಂಗಾಲ ತೀರ ಕಡಿಮೆಯಿರುವ 316ಎಲ್ ಸ್ಟೇನ್‌ಲೆಸ್ ಉಕ್ಕು, ಮ್ಯಾರೇಜಿಂಗ್ ಉಕ್ಕು ಇಲ್ಲಿ ಮುಂದಿರುವುದು ಅದಕ್ಕೇ. ಮ್ಯಾರೇಜಿಂಗ್ ಉಕ್ಕಿನಲ್ಲಿ ಶೇಕಡಾ 18ರಷ್ಟು ನಿಕ್ಕಲ್, ಜೊತೆಗೆ ಕೋಬಾಲ್ಟ್, ಮಾಲಿಬ್ಡಿನಂ, ಟೈಟಾನಿಯಂ ಇರುತ್ತವೆ. ಮುದ್ರಿಸಿದಾಗ ಮೆದುವಾಗಿದ್ದು, ಆಮೇಲೆ 500 ಡಿಗ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ಕಾಯಿಸಿದರೆ ಗಡುಸಾಗುವುದು ಇದರ ಗುಣ. ಪಿಎಸ್ಎಲ್‌ವಿಯ ಮೊದಲ ಹಂತದ ಕವಚವೂ ಇದೇ ಕುಲದ ಉಕ್ಕೇ, ಅದು ಮುದ್ರಿಸಿದ್ದಲ್ಲ. ಪ್ಲಾಸ್ಟಿಕ್ ಎರೆಯುವ ಅಚ್ಚುಗಳೊಳಗೆ ಡೊಂಕುಡೊಂಕಾದ ನೀರಿನ ಕಾಲುವೆಗಳನ್ನು ಮಾಡಲು ಈ ಪುಡಿಗೆ ಒಳ್ಳೆಯ ಬೇಡಿಕೆಯಿದೆ. ಡ್ರಿಲ್ಲು ನೇರವಾಗಿ ಮಾತ್ರ ಕೊರೆಯಬಲ್ಲದಲ್ಲ!

ಹೀಗಾಗಿ ಸ್ವೀಡನ್ನಿನ ಸ್ಯಾಂಡ್ವಿಕ್, ಆಸ್ಟ್ರಿಯಾದ ಬೋಲರ್, ಅಮೆರಿಕದ ಕಾರ್ಪೆಂಟರ್‌ನಂಥ ಹಳೆಯ ವಿಶೇಷ ಉಕ್ಕಿನ ಮನೆತನಗಳೇ ಪುಡಿಯ ಅಂಗಡಿ ತೆರೆದವು. ಬೆರಕೆಯ ಗುಟ್ಟು ಅವರಲ್ಲಿ ಮೊದಲೇ ಇತ್ತು. ಕಷ್ಟವಿರುವುದು ಜರಡಿಯಲ್ಲಿ. ಗೋಪುರದಿಂದ ಬಂದದ್ದರಲ್ಲಿ ಲೇಸರ್ ಗಾತ್ರದ್ದು ಒಂದು ಪಾಲು ಮಾತ್ರ. ಮಿಕ್ಕ ಸಣ್ಣದಕ್ಕೂ ದಪ್ಪದಕ್ಕೂ ಗಿರಾಕಿ ಹುಡುಕದಿದ್ದರೆ ಲೆಕ್ಕ ಕೂಡದು. ಸಣ್ಣ ಪುಡಿಯನ್ನು ಅಂಟಿನೊಂದಿಗೆ ಕಲಸಿ ಅಚ್ಚಿಗೆ ತಳ್ಳಿ ಸುಡುವ ಇನ್ನೊಂದು ಉದ್ಯಮವಿದೆ. ಅದರಲ್ಲಿ ಹೆಸರಾದ ಇಂಡೋ-ಮಿಮ್ ಬೆಂಗಳೂರು ಮೂಲದ್ದೇ.

ತೋರಣಗಲ್ಲಿನ ಜೆಎಸ್‌ಡಬ್ಲ್ಯು ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಹೆಚ್ಚು ಉಕ್ಕು ತೆಗೆಯಬಲ್ಲದು. 1923ರಲ್ಲಿ ಕಬ್ಬಿಣ ಹರಿಸಿದ ಭದ್ರಾವತಿ ಮುಂದೆ ವಿಶೇಷ ಉಕ್ಕಿಗೂ ಹೆಸರಾಯಿತು. ಪುಡಿಯ ವ್ಯಾಪಾರಕ್ಕೆ ಹತ್ತಿರವಿದ್ದದ್ದು ಎರಡನೆಯದು ಎಂದೇ ನನ್ನ ಎಣಿಕೆ. ಇಲ್ಲಿ ಲೆಕ್ಕ ಕಿಲೋಗಳಲ್ಲಿ, ಬೆಲೆ ಶುದ್ಧತೆಗೆ.

ಇನ್ನು, ಎಲ್ಲವನ್ನೂ ಮುದ್ರಿಸಿಬಿಡಬಹುದು ಎಂಬ ಮಾತನ್ನು ಯಾದಗಿರಿ ಜಿಲ್ಲೆಯವರು ನಂಬಬೇಕಿಲ್ಲ. ಕಡೇಚೂರಿನ ರೈಲ್ವೆ ಬೋಗಿ ಕಾರ್ಖಾನೆಯ ಚೌಕಟ್ಟುಗಳು ದಪ್ಪ ಉಕ್ಕಿನ ತಗಡು ಕತ್ತರಿಸಿ, ಬೆಸೆದು ಆಗುವಂಥವು. ಅಷ್ಟು ದೊಡ್ಡ, ಅಷ್ಟು ಸರಳ ಸರಕನ್ನು ಪುಡಿಯಿಂದ ಪದರಪದರವಾಗಿ ಎಬ್ಬಿಸಲು ಹೊರಟರೆ ದಿನಗಟ್ಟಲೆ ಲೇಸರ್ ಉರಿಯಬೇಕು, ರೈಲ್ವೆಯ ಲೆಕ್ಕಪತ್ರದವರು ಮೊದಲ ಬಿಲ್ಲಿಗೇ ಕೆಂಪು ಶಾಯಿ ತೆಗೆಯುತ್ತಾರೆ.