ಕೀ ಒತ್ತೋದಲ್ಲ, ಬಿಡೋದು ಮುಖ್ಯ

ಗೇಮಿಂಗ್ ಕೀಬೋರ್ಡ್ ತಗೊಳ್ಳೋವಾಗ ಏನು ನೋಡ್ತೀರಿ?
ಬಣ್ಣದ ಲೈಟಾ? ಟಕ್ ಟಕ್ ಸದ್ದಾ?
ಬೆರಳು ಎತ್ತಿದಾಗ ಏನಾಗುತ್ತೆ, ಅದನ್ನ ನೋಡಿ.
ಮಾಮೂಲಿ ಮೆಕ್ಯಾನಿಕಲ್ ಕೀ, ಮನೆಯ ಲೈಟ್ ಸ್ವಿಚ್ ಇದ್ದ ಹಾಗೆ.
ಆನ್, ಇಲ್ಲಾಂದ್ರೆ ಆಫ್.
ಸುಮಾರು 2 ಮಿಲಿಮೀಟರ್ ಒತ್ತಿದ್ರೆ ಆನ್.
ಆಫ್ ಆಗೋಕೆ ಮತ್ತೆ ಅಲ್ಲಿವರೆಗೂ ಮೇಲೆ ಬರಬೇಕು.
ನೆದರ್ಲೆಂಡ್ಸ್‌ನ ವೂಟಿಂಗ್ ಕಂಪನಿಯ ಕೀ, ಫ್ಯಾನ್ ರೆಗ್ಯುಲೇಟರ್ ಥರ.
ಕೀ ಒಳಗೆ ಅಯಸ್ಕಾಂತ, ಕೆಳಗೆ ಸೆನ್ಸರ್.
ಎಷ್ಟು ಒತ್ತಿದ್ದೀರಿ ಅನ್ನೋದೂ ಅದಕ್ಕೆ ಗೊತ್ತು.
ಬೆರಳು ಚೂರು ಎತ್ತಿದ್ರೆ ಸಾಕು, ಆಫ್!
ಕೌಂಟರ್-ಸ್ಟ್ರೈಕ್ ಅನ್ನೋ ಶೂಟಿಂಗ್ ಆಟದಲ್ಲಿ ಓಡ್ತಾ ಹೊಡೆದ್ರೆ ಗುರಿ ತಪ್ಪುತ್ತೆ.
ಕೀ ಬೇಗ ಆಫ್ ಆದ್ರೆ ಓಟವೂ ಬೇಗ ನಿಲ್ಲುತ್ತೆ; ಬೇಗ ನಿಂತವರಿಗೇ ಲಾಭ.

‘ಇದು ದುಡ್ಡು ಕೊಟ್ಟು ಗೆಲ್ಲೋದಲ್ವಾ?’
ಕೇಳಬೇಕಾದ ಪ್ರಶ್ನೆಯೇ.
2024ರ ಆಗಸ್ಟ್‌ನಲ್ಲಿ, ಆ ಆಟದ ಕಂಪನಿ ವಾಲ್ವ್ ಒಂದು ಗೆರೆ ಎಳೀತು.
ಎಡ, ಬಲ ಎರಡೂ ಕೀ ಒತ್ತಿದಾಗ
ಯಾವುದು ನಡೀಬೇಕು ಅಂತ ಕೀಬೋರ್ಡೇ ತೀರ್ಮಾನಿಸೋ ಸೌಲಭ್ಯ,
ಅಧಿಕೃತ ಸರ್ವರ್‌ಗಳಲ್ಲಿ ಬಂದ್.
ವೂಟಿಂಗ್‌ನಲ್ಲೂ ಅದು ಇತ್ತು ಅನ್ನಿ.
ಆದ್ರೆ ಬೇಗ ಆಫ್ ಆಗೋ ಕೀಗೆ ತಡೆಯಿಲ್ಲ.
ಅಲ್ಲಿ ಕೆಲಸ ಮಾಡೋದು ನಿಮ್ಮ ಬೆರಳೇ.
ನನಗೆ ಈ ಗೆರೆ ನ್ಯಾಯ ಅನ್ನಿಸುತ್ತೆ.

ಹಾಗಂತ ಎಲ್ಲರಿಗೂ ಇದು ಬೇಕಾ?
ಕಾರ್ ರೇಸ್, ಫುಟ್‌ಬಾಲ್ ಆಡೋರಿಗೆ ಬೇಡ.
ಅರ್ಧ ತಿರುವು, ಮುಕ್ಕಾಲು ವೇಗ, ಇದನ್ನೆಲ್ಲ ಗೇಮ್ ಕಂಟ್ರೋಲರ್ ಎಷ್ಟೋ ವರ್ಷದಿಂದ ಕೊಡ್ತಿದೆ.
ಶೂಟಿಂಗ್ ಆಟದಲ್ಲೂ ಗುರಿ ಇಡೋಕೆ ಬೇಕಾದ್ದು ಮೌಸ್.
ಅದು ಹಗುರವಾಗಿರಬೇಕು, ಕೈಗೆ ಸರಿಯಾಗಿ ಕೂರಬೇಕು.
ಶೂಟಿಂಗ್ ಆಟ ದಿನಾ ಆಡೋರು ಮಾತ್ರ
ಮ್ಯಾಗ್ನೆಟಿಕ್ ಕೀಬೋರ್ಡ್ ಕೇಳಿ ತಗೊಳ್ಳಿ.
ಲೈಟಿಗೆ ದುಡ್ಡು ಸುರೀಬೇಡಿ.