ಕಾರಿಗೆ ಹೊರಗಿನ ಏರ್ ಫಿಲ್ಟರ್ ಹಾಕಿಸಬೇಕಾ? ಸಂಡೂರಿನ ಧೂಳಿಗೆ ಯಾವುದು ಸರಿ, ಯಾವುದು ಬೇಡ

ಸಂಡೂರು: ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಒಂದು ಸಲ ಹೋಗಿ ಬಂದರೆ ಸಾಕು, ಬಿಳಿ ಕಾರು ಕೆಂಪಾಗಿರುತ್ತೆ. ಮೈಮೇಲೆ ಕೂತ ಧೂಳನ್ನು ನೀರು ಹೊಡೆದು ತೊಳೆಯಬಹುದು. ಎಂಜಿನ್ ಒಳಗೆ ಹೋದ ಧೂಳನ್ನು ತೊಳೆಯೋಕೆ ಆಗಲ್ಲ. ಅದು ಪಿಸ್ಟನ್ ರಿಂಗ್, ಸಿಲಿಂಡರ್ ಬೋರ್ ಎಲ್ಲವನ್ನೂ ಮರಳು ಕಾಗದದ ಹಾಗೆ ಉಜ್ಜುತ್ತೆ. ಆಮೇಲೆ ಗಾಡಿ ಆಯಿಲ್ ಕುಡಿಯೋಕೆ ಶುರು ಮಾಡುತ್ತೆ, ಹೊಗೆ ಬರುತ್ತೆ, ಕೊನೆಗೆ ಎಂಜಿನ್ ಬಿಚ್ಚುವ ಕೆಲಸಕ್ಕೆ ಬರುತ್ತೆ.

ಹೀಗಿರುವಾಗ ಕಂಪನಿ ಫಿಲ್ಟರ್ ತೆಗೆದು ಹೊರಗಿನ 'ಇಂಟೇಕ್' ಹಾಕಿಸುವವರು ಹೆಚ್ಚುತ್ತಿದ್ದಾರೆ. ಪಿಕಪ್ ಜಾಸ್ತಿ, ಮೈಲೇಜ್ ಜಾಸ್ತಿ, ಸೌಂಡೂ ಗಟ್ಟಿ ಅನ್ನೋದು ಮಾರುವವರ ಮಾತು. ಇದರಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಎಂಜಿನ್‌ಗೆ ಎಷ್ಟು ಗಾಳಿ ಬೇಕು?

ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ. ಇಷ್ಟೂ ಗಾಳಿ ನಮ್ಮ ರಸ್ತೆಯ ಧೂಳಿನ ಗಾಳಿಯೇ. ಅದಕ್ಕೂ ಎಂಜಿನ್‌ಗೂ ನಡುವೆ ಇರುವ ತಡೆ ಏರ್ ಫಿಲ್ಟರ್ ಒಂದೇ.

1. ಕಂಪನಿಯ ಪೇಪರ್ ಫಿಲ್ಟರ್

ಮಡಿಕೆ ಮಡಿಕೆಯಾಗಿರುವ ಪೇಪರ್, ಅದರ ಸುತ್ತ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ. ಸಣ್ಣ ಧೂಳು ಹಿಡಿಯುವುದರಲ್ಲಿ ಇದು ಬಹಳ ಗಟ್ಟಿ. ಬೆಲೆಯೂ ಕಡಿಮೆ, ಸಾಮಾನ್ಯ ಕಾರುಗಳಿಗೆ ಕೆಲವು ನೂರು ರೂಪಾಯಿ. ಡಬ್ಬಿಯ ಕೊಳವೆ ಬಾನೆಟ್‌ನ ಮುಂಭಾಗದಿಂದಲೋ ಮಡ್‌ಗಾರ್ಡ್ ಪಕ್ಕದಿಂದಲೋ ಗಾಳಿ ಎಳೆಯುತ್ತೆ. ಹಾಗಾಗಿ ಇಂದಿನ ಬಹುಪಾಲು ಕಾರುಗಳಿಗೆ ಕಂಪನಿಯಿಂದಲೇ ತಣ್ಣನೆಯ ಗಾಳಿ ಸಿಗುತ್ತಿದೆ. ಇದರ ಒಂದೇ ತೊಂದರೆ, ಕಟ್ಟಿಕೊಂಡ ಮೇಲೆ ಬದಲಿಸಲೇಬೇಕು.

2. ಅದೇ ಡಬ್ಬಿಗೆ ಕೂರುವ ಕಾಟನ್ ಫಿಲ್ಟರ್

ಹತ್ತಿ ಬಟ್ಟೆಯ ಪದರಗಳಿಗೆ ಎಣ್ಣೆ ಹಚ್ಚಿರುತ್ತಾರೆ. ತೊಳೆದು ಮತ್ತೆ ಬಳಸಬಹುದು. ಗಾಳಿ ಸ್ವಲ್ಪ ಸಲೀಸಾಗಿ ಹೋಗುತ್ತೆ ನಿಜ, ಆದರೆ ಸಾಮಾನ್ಯ ಕಾರಿನಲ್ಲಿ ಓಡಿಸುವವರಿಗೆ ವ್ಯತ್ಯಾಸ ಗೊತ್ತಾಗೋದು ಕಷ್ಟ. ಎಣ್ಣೆ ಕಡಿಮೆಯಾದರೆ ಸಣ್ಣ ಧೂಳು ಒಳಗೆ ನುಗ್ಗುತ್ತೆ. ಜಾಸ್ತಿಯಾದರೆ ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇರುವ ಗಾಡಿಗಳಲ್ಲಿ ಆ ಎಣ್ಣೆ ಸೆನ್ಸರ್ ಮೇಲೆ ಕೂತು ಚೆಕ್ ಎಂಜಿನ್ ಲೈಟ್ ಹತ್ತಬಹುದು. ತೊಳೆದ ಮೇಲೆ ಪೂರ್ತಿ ಒಣಗುವವರೆಗೆ ಗಾಡಿ ನಿಲ್ಲಿಸಬೇಕು. ದಿನಾ ಬಾಡಿಗೆಗೆ ಓಡುವ ಯೆಲ್ಲೋ ಬೋರ್ಡ್ ಗಾಡಿಗೆ ಇದೂ ಒಂದು ಲೆಕ್ಕ.

3. ಬಾನೆಟ್ ಒಳಗಿನ ಓಪನ್ ಕೋನ್

ಡಬ್ಬಿ ತೆಗೆದುಹಾಕಿ ಗಿಡ್ಡ ಪೈಪಿನ ತುದಿಗೆ ಕೋನ್ ಆಕಾರದ ಫಿಲ್ಟರ್ ಸಿಕ್ಕಿಸುವುದು. ಸೌಂಡು ಬರೋದು ಇದರಿಂದಲೇ. ಡಬ್ಬಿ ತಡೆಯುತ್ತಿದ್ದ ಸದ್ದು ಈಗ ಹೊರಗೆ ಕೇಳುತ್ತೆ, ಓಡಿಸುವವರಿಗೆ ಗಾಡಿಗೆ ಶಕ್ತಿ ಬಂದ ಹಾಗೆ ಅನ್ನಿಸುತ್ತೆ. ಆದರೆ ಈಗ ಎಂಜಿನ್ ಎಳೆಯುವುದು ಬಾನೆಟ್ ಒಳಗಿನ ಬಿಸಿ ಗಾಳಿ. ಗಾಳಿ 3 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ 1ರಷ್ಟು ಇಳಿಯುತ್ತೆ. 20 ಡಿಗ್ರಿ ಹೆಚ್ಚಾದರೆ ಶೇ 6ರಷ್ಟು ಹೋಯಿತು. ಹೊರಗೇ 40 ಡಿಗ್ರಿ ಇರುವ ಬಳ್ಳಾರಿ ಜಿಲ್ಲೆಯ ಬೇಸಿಗೆಯಲ್ಲಿ, ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವಾಗ ಪಿಕಪ್ ಕಡಿಮೆಯಾದರೂ ಆಶ್ಚರ್ಯವಿಲ್ಲ. ಧೂಳೂ ನೇರ ಫಿಲ್ಟರ್ ಮೇಲೇ ಬೀಳುತ್ತೆ. ನಮ್ಮ ರಸ್ತೆಗೆ ಇದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

4. ಕೋಲ್ಡ್ ಏರ್ ಇಂಟೇಕ್

ಉದ್ದನೆಯ ಪೈಪ್ ಹಾಕಿ ಫಿಲ್ಟರನ್ನು ಬಂಪರ್ ಹಿಂದೆ, ಕೆಳಗೆ ಇಡುತ್ತಾರೆ. ಗಾಳಿ ತಣ್ಣಗಿರುತ್ತೆ, ಲೆಕ್ಕದ ಪ್ರಕಾರ ಓಪನ್ ಕೋನ್‌ಗಿಂತ ಒಳ್ಳೆಯದು. ಆದರೆ ಮಳೆಗಾಲದಲ್ಲಿ ಹಳ್ಳ ದಾಟುವಾಗ, ರಸ್ತೆ ಮೇಲೆ ನಿಂತ ನೀರಿಗೆ ಇಳಿದಾಗ ಫಿಲ್ಟರ್ ಮುಳುಗಿದರೆ ಎಂಜಿನ್ ನೀರನ್ನೇ ಎಳೆದುಕೊಳ್ಳುತ್ತೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತೋಕೆ ಆಗಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಇದಕ್ಕೇ ಹೈಡ್ರೋಲಾಕ್ ಅನ್ನೋದು. ಸಾಮಾನ್ಯ ವಿಮೆಯಲ್ಲಿ ನೀರು ನುಗ್ಗಿದ ಎಂಜಿನ್ ರಿಪೇರಿಗೆ ಸಾಧಾರಣವಾಗಿ ಹಣ ಸಿಗಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಕವರ್ ತೆಗೆದುಕೊಂಡಿರಬೇಕು.

5. ಸ್ನಾರ್ಕೆಲ್ ಮತ್ತು ಪ್ರೀ ಕ್ಲೀನರ್

ಸ್ನಾರ್ಕೆಲ್ ಗಾಳಿಯ ಬಾಯನ್ನು ಮೇಲಕ್ಕೆ, ಟಾಪ್ ಮಟ್ಟಕ್ಕೆ ಒಯ್ಯುತ್ತೆ. ಫೋರ್ಸ್ ಗೂರ್ಖಾಕ್ಕೆ ಇದು ಕಂಪನಿಯಿಂದಲೇ ಬರುತ್ತೆ. ಮುಂದೆ ಹೋಗುವ ಗಾಡಿಯ ಧೂಳು ಮೇಲೆ ಕಡಿಮೆ ಇರುವುದರಿಂದ ಧೂಳಿನ ದಾರಿಗೂ ಅನುಕೂಲ. ಒಂದೇ ಒಂದು ಜಾಯಿಂಟ್ ಸೀಲ್ ಆಗದಿದ್ದರೂ ನೀರಿನಿಂದ ರಕ್ಷಣೆ ಇಲ್ಲ ಅನ್ನೋದು ನೆನಪಿರಲಿ. ಪ್ರೀ ಕ್ಲೀನರ್ ಎಲ್ಲ ರೈತರೂ ಟ್ರ್ಯಾಕ್ಟರ್ ಮೇಲೆ ನೋಡಿದ್ದೇ. ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಫಿಲ್ಟರ್‌ಗೆ ಮುಟ್ಟುವ ಮೊದಲೇ ಬಟ್ಟಲಿಗೆ ಬೀಳಿಸುತ್ತೆ. ಕ್ವಾರಿ, ಗಣಿ, ಹೊಲದ ದಾರಿಯಲ್ಲಿ ದಿನಾ ಓಡುವ ಜೀಪುಗಳಿಗೆ ಉಪಯೋಗ. ಊರೊಳಗೆ ಓಡುವ ಕಾರಿಗೆ ಬೇಕಿಲ್ಲ.

ಮೈಲೇಜ್ ಮಾತು ಎಷ್ಟು ನಿಜ?

ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫ್ಯೂಯೆಲ್ ಇಂಜೆಕ್ಷನ್ ಕಾರುಗಳಿಗೆ ಕಟ್ಟಿಕೊಂಡ ಫಿಲ್ಟರ್ ಹಾಕಿ ಪರೀಕ್ಷೆ ಮಾಡಿತು. ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ, ಪಿಕಪ್ ಮಾತ್ರ ಕಡಿಮೆಯಾಯಿತು. ಕಾರಣ ಸರಳ. ಬಂದ ಗಾಳಿಯನ್ನು ಅಳೆದು ಕಂಪ್ಯೂಟರ್ ಅಷ್ಟಕ್ಕೆ ತಕ್ಕ ಪೆಟ್ರೋಲ್ ಬಿಡುತ್ತೆ. ಕಟ್ಟಿದ ಫಿಲ್ಟರ್‌ಗೇ ಮೈಲೇಜ್ ಇಳಿಯದಿದ್ದರೆ, ದುಬಾರಿ ಫಿಲ್ಟರ್‌ಗೆ ಏರುವುದು ಹೇಗೆ? ಡೀಸೆಲ್ ಗಾಡಿಯಲ್ಲೂ ಶಕ್ತಿ ನಿರ್ಧರಿಸುವುದು ಪಂಪ್ ಬಿಡುವ ಡೀಸೆಲ್. ಬರೀ ಗಾಳಿ ಹೆಚ್ಚಿಸಿ ಪ್ರಯೋಜನ ಕಡಿಮೆ.

ಹಾಕಿಸುವ ಮುನ್ನ, ಹಾಕಿಸಿದ ಮೇಲೆ

* ವಾರಂಟಿ ಇರುವ ಗಾಡಿಯಾದರೆ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಧೂಳು ನುಗ್ಗಿ ಎಂಜಿನ್ ಹಾಳಾದರೆ ಹೊರಗಿನ ಫಿಲ್ಟರ್ ತೋರಿಸಿ ಕೈ ಚೆಲ್ಲುತ್ತಾರೆ.

* ಕಂಪನಿ ಕೊಟ್ಟ ವಿವರಕ್ಕಿಂತ ಗಾಡಿ ಬೇರೆಯಾಗುವಂತೆ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಹೇಳುತ್ತೆ. ಅದೇ ಡಬ್ಬಿಗೆ ಕೂರುವ ಫಿಲ್ಟರ್‌ಗೆ ತಕರಾರು ಬರುವುದು ಕಷ್ಟ. ಪೈಪು, ಡಬ್ಬಿ ಎಲ್ಲ ಬದಲಿಸುವುದಾದರೆ ವಿಮೆ ಕಂಪನಿಗೂ ತಿಳಿಸಿ.

* ಹೊರಗಿನ ಫಿಲ್ಟರ್ ಹಾಕಿಸಿದ್ದರೆ ಸುಮಾರು 500 ಕಿ.ಮೀ. ಓಡಿದ ಮೇಲೆ ಎಂಜಿನ್ ಆರಿಸಿ ಫಿಲ್ಟರ್ ತೆಗೆಯಿರಿ. ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಭಾಗವನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕೆಂಪಾದರೆ ಧೂಳು ಒಳಗೆ ಹೋಗುತ್ತಿದೆ ಅಂತಲೇ ಅರ್ಥ. ಹಳೆಯ ಪೇಪರ್ ಫಿಲ್ಟರ್ ವಾಪಸ್ ಹಾಕಿಸಿ.

* ಪೇಪರ್ ಫಿಲ್ಟರ್‌ಗೆ ಜೋರಾಗಿ ಏರ್ ಹೊಡೆಸಬೇಡಿ, ಕಾಣದಂಥ ತೂತು ಬೀಳುತ್ತೆ. ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಹಗುರಾಗಿ ಗಾಳಿ ಬಿಟ್ಟರೆ ಸಾಕು. ನೀರಲ್ಲಂತೂ ತೊಳೆಯಲೇಬೇಡಿ.

* ಕಾರಿನ ಪುಸ್ತಕದಲ್ಲಿ ಧೂಳಿನ ರಸ್ತೆಗೆ ಬೇರೆ ಲೆಕ್ಕ ಬರೆದಿರುತ್ತೆ. ನಮಗೆ ಅನ್ವಯಿಸುವುದು ಅದೇ.

ಆಕ್ಸೆಸರಿ ಅಂಗಡಿಯವರಿಗೂ ಒಂದು ಮಾತು. ಗಿರಾಕಿ ಸೌಂಡಿಗಾಗಿ ಕೇಳುತ್ತಿದ್ದಾರಾ, ಮೈಲೇಜಿಗಾಗಿ ಕೇಳುತ್ತಿದ್ದಾರಾ ವಿಚಾರಿಸಿ. ಮೈಲೇಜಿಗಾದರೆ ಹೊಸ ಪೇಪರ್ ಫಿಲ್ಟರ್ ಕೊಟ್ಟು, ಟೈರ್ ಗಾಳಿ ಚೆಕ್ ಮಾಡಿಸಿ ಅಂತ ಹೇಳಿ ಕಳಿಸಿ. ಲಾಭ ಸ್ವಲ್ಪ ಕಡಿಮೆಯಾಗಬಹುದು. ಆದರೆ ಊರು ಚಿಕ್ಕದು, ಎಂಜಿನ್ ಬಿಚ್ಚಿಸಿಕೊಂಡ ಗಿರಾಕಿ ಮತ್ತೆ ಅದೇ ಅಂಗಡಿಗೆ ಬರಲ್ಲ.