ಕಾಲಡಿಯ ನೆಲ

ಹೊರಗಿನ ಭೂಮಿಯನ್ನೂ ಮನೆಯೊಳಗಿನ ಹಾಸನ್ನೂ ಕನ್ನಡವು ‘ನೆಲ’ ಎಂಬ ಒಂದೇ ಮಾತಿನಿಂದ ಕರೆಯುತ್ತದೆ. ಈ ಮಾತಿನ ಔಚಿತ್ಯವು ಆಂಡರ್ಸನ್‌ಪೇಟೆಯಲ್ಲಿ ಮನವರಿಕೆಯಾಗುವಷ್ಟು ಬೇರೆಡೆ ಆಗಲಾರದು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದುವು. ಆದರೆ ಅದಿರನ್ನು ಅರೆದು, ಸಯನೈಡಿನ ನೆರವಿನಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಹುಡಿ ಇಂದಿಗೂ ದಿಬ್ಬಗಳಾಗಿ ನಿಂತಿದೆ. ಇಲ್ಲಿ ಚಿನ್ನವಿದ್ದುದು ಬೆಣಚುಕಲ್ಲಿನ ಪದರಗಳಲ್ಲಿ. ಆದ್ದರಿಂದ ಆ ಹುಡಿಯಲ್ಲಿ ಸಿಲಿಕಾ ಉಂಟು. ಗಾಳಿ ಎದ್ದ ದಿನ ಹೊರಗಿನ ನೆಲವು ಒಳಗಿನ ನೆಲದ ಮೇಲೆ ಬಂದು ಕೂರುತ್ತದೆ. ಇಂಥ ಊರಿನಲ್ಲಿ ಮನೆಗೆ ಏನನ್ನು ಹಾಸಬೇಕೆಂಬುದು ಬರಿಯ ಅಂದದ ಮಾತಲ್ಲ, ಉಸಿರಿನ ಮಾತು.

ಸಗಣಿ ಸಾರಿಸಿದ ಮಣ್ಣಿನ ನೆಲದ ಕಾಲ ಸರಿದ ಮೇಲೆ ಕೆಂಪು ಸಿಮೆಂಟಿನ ನೆಲ ಬಂದಿತು, ಕಡಪದ ಕಲ್ಲು ಬಂದಿತು. ಇವುಗಳಿಂದ ರಾಸಾಯನಿಕ ಆವಿ ಹೊಮ್ಮುವ ಭಯವಿಲ್ಲ. ಇಂದು ಅಂಗಡಿಗಳಲ್ಲಿ ಸುರುಳಿ ಸುತ್ತಿದ ವಿನೈಲ್ ಹಾಸು, ಮರವೆಂದೇ ಭ್ರಮೆ ಹುಟ್ಟಿಸುವ ಲ್ಯಾಮಿನೇಟ್ ಹಲಗೆ ಕಣ್ಸೆಳೆಯುತ್ತಿವೆ. ವಿನೈಲನ್ನು ಮೆದುಗೊಳಿಸಲು ಬಹುಕಾಲದಿಂದ ಬಳಸಿದ ಥ್ಯಾಲೇಟುಗಳು ಮೆಲ್ಲಮೆಲ್ಲನೆ ಹೊರಬಂದು ಮನೆಯ ಧೂಳನ್ನು ಸೇರುತ್ತವೆ. ಲ್ಯಾಮಿನೇಟಿನ ಒಳಗಿನ ಮರದ ನಾರನ್ನು ಹಿಡಿದಿಡುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊಮ್ಮುವುದುಂಟು. ಸೆಕೆ ಏರಿದಂತೆ ಅದೂ ಏರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅದನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು.

ಹಾಗಾದರೆ ಕಲ್ಲು ನಿರ್ದೋಷಿಯೇ? ಹಾಸಿದ ಮೇಲೆ ಹೌದೆನ್ನಬಹುದು, ಕೊಯ್ಯುವಾಗ ಅಲ್ಲ. ಯಂತ್ರದಿಂದ ಗ್ರಾನೈಟನ್ನು ಒಣದಾಗಿ ಕೊಯ್ದರೆ ಏಳುವ ಬಿಳಿಯ ಧೂಳಿನಲ್ಲಿಯೂ ಇರುವುದು ಸಿಲಿಕಾ. 1997ರಲ್ಲಿಯೇ ಅದೇ ಸಂಸ್ಥೆ ಉಸಿರಿನೊಡನೆ ಒಳಸೇರುವ ಸಿಲಿಕಾ ಹರಳಿನ ಧೂಳನ್ನೂ ಆ ಸಾಲಿಗೆ ಸೇರಿಸಿತ್ತು. ಗಣಿಯ ಆಳದಲ್ಲಿ ದುಡಿದವರ ಶ್ವಾಸಕೋಶವನ್ನು ಬಿಗಿದ ಸಿಲಿಕೋಸಿಸ್ ಎಂಬುದು ಈ ಊರಿಗೆ ಬರಿಯ ಪುಸ್ತಕದ ಪದವಲ್ಲ. ತಂದೆಯ ಕೆಮ್ಮನ್ನು ಕೇಳುತ್ತ ಬೆಳೆದವರು ತಮ್ಮ ಮನೆಯ ಕೆಲಸಕ್ಕೆ ಬಂದ ಕಲ್ಲುಗಾರನಿಗೆ ಅದೇ ಕೆಮ್ಮನ್ನು ಕೊಡಬಾರದು. ನೀರು ಹರಿಸುತ್ತ ಕೊಯ್ಯಿಸಬೇಕು. ಅವನ ಮೂಗು-ಬಾಯಿಗೆ ತಕ್ಕ ಮುಸುಕನ್ನು ಒದಗಿಸಬೇಕು.

ನುಣುಪಾದ, ಸಂದು ಕಡಿಮೆ ಇರುವ, ಒದ್ದೆ ಬಟ್ಟೆಯಿಂದ ಒರಸಲು ಬರುವ ನೆಲವೇ ಈ ಊರಿಗೆ ಒಪ್ಪುವುದು. ಒಣ ಪೊರಕೆ ಧೂಳನ್ನು ಮತ್ತೆ ಗಾಳಿಗೆ ಎಬ್ಬಿಸುತ್ತದೆ. ಜಮಖಾನೆ ಅದನ್ನು ಬಚ್ಚಿಡುತ್ತದೆ. ಹಲಗೆಯೇ ಬೇಕೆನ್ನುವವರು ಫಾರ್ಮಾಲ್ಡಿಹೈಡಿನ ಪ್ರಮಾಣ ಕಡಿಮೆಯೆಂಬ ಗುರುತನ್ನು ಕೇಳಿ ಕೊಳ್ಳಲಿ. ಒಕ್ಕಲಾಗುವ ಮುನ್ನ ಕೆಲವು ವಾರ, ಗಾಳಿ ಶಾಂತವಾಗಿರುವ ಹೊತ್ತಿನಲ್ಲಿ ಕಿಟಕಿಗಳನ್ನು ತೆರೆದಿಡಲಿ. ಬೆಲೆಯನ್ನೂ ಬಣ್ಣವನ್ನೂ ವಿಚಾರಿಸುವ ನಾವು, ಹಾಸುವವನ ಉಸಿರನ್ನೂ ನಡೆದಾಡುವ ಮಗುವಿನ ಉಸಿರನ್ನೂ ಲೆಕ್ಕಕ್ಕೆ ತಂದುಕೊಂಡರೆ ಆಯ್ಕೆ ಅಷ್ಟೇನೂ ಕಠಿನವಾಗದು.